ಊರ ಗಿಡಗಳಿಗೊಂದು ಸಂಘ

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯನ್ನು ನೋಡದ ರೈತರು ಮಂಡ್ಯ ಸೀಮೆಯಲ್ಲಿ ವಿರಳ. ಎರಡು ಕಲ್ಲುಗುಡ್ಡಗಳ ನಡುವೆ ಅಡ್ಡಲಾಗಿ ಏರಿ ಹಾಕಿ ಕಟ್ಟಿದ ಈ ಕೆರೆಗೆ ರಾಮಾನುಜಾಚಾರ್ಯರು ತಿರುಮಲಸಾಗರವೆಂದು ಹೆಸರಿಟ್ಟರೆಂದು ಪ್ರತೀತಿ. 1746ರಲ್ಲಿ ಇಲ್ಲಿ ಬೀಡುಬಿಟ್ಟಿದ್ದ ದಖ್ಖನಿನ ಸುಬೇದಾರನ ಮಗ ನಾಸಿರ್ ಜಂಗ್ ಇದನ್ನು ಮೋತಿ ತಲಾಬ್, ಅಂದರೆ ಮುತ್ತಿನ ಕೆರೆ, ಎಂದು ಕರೆದನು. ಕೆರೆಯ ನೀರು ತಿಳಿಯಾಗಿರಬೇಕಾದರೆ ಸುತ್ತಲ ಗುಡ್ಡಗಳ ಮಣ್ಣು ಗಿಡಗಂಟೆಗಳ ಬೇರಿನ ಹಿಡಿತದಲ್ಲಿರಬೇಕು. ಗಿಡ ಬೋಳಾದ ಗುಡ್ಡದಿಂದ ಬರುವ ನೀರು ಹೂಳನ್ನು ಹೊತ್ತು ತರುತ್ತದೆ. ಕೆರೆಯ ರಕ್ಷಣೆ ಎಂದೊಡನೆ ಏರಿ, ತೂಬು, ಕೋಡಿಗಳನ್ನು ನೆನೆಯುವ ನಾವು ಗುಡ್ಡದ ಮೇಲಿನ ಗಿಡಗಳನ್ನು ನೆನೆಯುವುದು ಕಡಿಮೆ.

ಗುಡ್ಡದ ಮಾತು ಹಾಗಿರಲಿ, ಹೊಲಗದ್ದೆಗಳ ನಡುವೆಯೂ ಗಿಡಮರಗಳು ಕಡಿಮೆಯಾಗಿವೆ. ಹಿಂದೆ ಬದುವಿನ ಮೇಲೆ ಹೊಂಗೆ, ಬೇವು. ಹೊಲದ ಸುತ್ತ ಕವಳೆ, ಲಕ್ಕಿ, ಎಲಚಿಗಳ ಬೇಲಿ. ಊರ ಪಕ್ಕದಲ್ಲಿ ಹಿಪ್ಪೆ, ನೇರಳೆ, ಮಾವು, ಹುಣಸೆಗಳ ಗುಂಡುತೋಪು ಇರುತ್ತಿದ್ದವು. 1930ರ ದಶಕದಲ್ಲಿ ಕನ್ನಂಬಾಡಿಯ ನಾಲೆ ನೀರು ಹರಿದ ಮೇಲೆ ಈ ಸೀಮೆಯಲ್ಲಿ ಭತ್ತ, ಕಬ್ಬು ಹೆಚ್ಚಿದವು. ರೈತನ ಕೈಗೆ ನಾಲ್ಕು ಕಾಸು ಬಂತು. ಭೂಮಿಯ ಬೆಲೆಯೂ ಏರಿತು. ಬದು ಕಿರಿದಾಯಿತು. ಬೇಲಿ ಕಿತ್ತ ಜಾಗಕ್ಕೆ ಕಲ್ಲುಕಂಬ, ಮುಳ್ಳುತಂತಿ ಬಂದವು. ಅನೇಕ ಊರುಗಳಲ್ಲಿ ಗುಂಡುತೋಪು ಕಂದಾಯದ ಕಾಗದದಲ್ಲಿದೆ, ನೆಲದ ಮೇಲೆ ಮರಗಳಿಲ್ಲ.

ಕೃಷ್ಣರಾಜಪೇಟೆಯ ಹಳೆಯ ಹೆಸರು ಅತ್ತಿಗುಪ್ಪೆ. ಪಾಂಡವಪುರ ತಾಲ್ಲೂಕಿನಲ್ಲಿ ಬೇವಿನಕುಪ್ಪೆ ಎಂಬ ಊರಿದೆ. ಊರುಗಳಿಗೇ ಹೆಸರು ಕೊಟ್ಟ ಮರಗಳ ಬೀಜ ಯಾವಾಗ ಬರುತ್ತದೆ, ಸಸಿ ಮಾಡುವುದು ಹೇಗೆ ಎಂದು ಕೇಳಿದರೆ ಹೇಳಬಲ್ಲವರು ಈಗ ಊರಿಗೆ ಒಬ್ಬಿಬ್ಬರು ಹಿರಿಯರು ಮಾತ್ರ. ಅವರು ಇರುವಾಗಲೇ ಹತ್ತು ಹದಿನೈದು ಮನೆಯವರು ಸೇರಿ ಊರ ಗಿಡಗಳ ಸಂಘವೊಂದನ್ನು ಕಟ್ಟಿಕೊಂಡರೆ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಅಂಥ ಸಂಘ ವರ್ಷಪೂರ್ತಿ ಏನೇನು ಕೆಲಸ ಮಾಡಬೇಕೆಂಬುದನ್ನು ಇಲ್ಲಿ ವಿವರಿಸಿದೆ.

ಊರ ಗಿಡ ಎಂದರೆ ಯಾವುದು?

ಒಂದು ಸೀಮೆಯ ಮಣ್ಣು, ಮಳೆ, ಬಿಸಿಲಿಗೆ ಹೊಂದಿಕೊಂಡು, ಯಾರೂ ತಂದು ನೆಡದೆ ಅನಾದಿಯಿಂದ ಬೆಳೆದು ಬಂದ ಗಿಡಗಳೇ ಊರ ಗಿಡಗಳು. ಹೊಂಗೆ, ಹಿಪ್ಪೆ, ಆಲ, ಅರಳಿ, ಅತ್ತಿ, ಬಸರಿ, ಗೋಣಿ, ನೇರಳೆ, ಬಿಲ್ವ, ಬನ್ನಿ, ಮುತ್ತುಗ, ಕಕ್ಕೆ, ಬಾಗೆ, ಹೊಳೆದಂಡೆಯ ಹೊಳೆಮತ್ತಿ ಇವು ನಮ್ಮ ಮರಗಳು. ಕವಳೆ, ಎಲಚಿ, ಲಕ್ಕಿ, ತಂಗಡಿ, ಬಂದರಿಕೆ ಇವು ನಮ್ಮ ಪೊದೆಗಳು.

ರಸ್ತೆ ಬದಿಯಲ್ಲಿ ಕೆಂಪಗೆ ಹೂ ಬಿಡುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಮಳೆಮರ, ಸುಬಾಬುಲ್, ಗ್ಲಿರಿಸಿಡಿಯಾ ಅಮೆರಿಕ ಖಂಡದವು. ನೀಲಗಿರಿ ಆಸ್ಟ್ರೇಲಿಯದ್ದು, 1790ರ ಸುಮಾರಿಗೆ ಟಿಪ್ಪುಸುಲ್ತಾನನ ಕಾಲದಲ್ಲಿ ನಂದಿಬೆಟ್ಟದಲ್ಲಿ ಅದನ್ನು ಮೊದಲು ನೆಡಲಾಯಿತೆಂದು ಹೇಳುತ್ತಾರೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅದು ಹೊಲಗಳಿಗೂ ಹರಡಿತು. ಅಂತರ್ಜಲದ ಚಿಂತೆಯಿಂದ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಹೊರಗಿನಿಂದ ಬಂದದ್ದೆಲ್ಲ ಕೆಟ್ಟದ್ದೆಂದು ತಿಳಿಯಬಾರದು. ಮೆಣಸಿನಕಾಯಿ, ಕಡಲೆಕಾಯಿ, ಮುಸುಕಿನ ಜೋಳ ಅಮೆರಿಕದಿಂದ ಬಂದವು. ನಮ್ಮ ಹುಣಸೆಯ ಮೂಲ ಆಫ್ರಿಕ ಎನ್ನುತ್ತಾರೆ ಸಸ್ಯಶಾಸ್ತ್ರಜ್ಞರು. ಇವು ನಾವು ಇಟ್ಟ ಕಡೆ ಇರುತ್ತವೆ, ಉಪಕಾರ ಮಾಡುತ್ತವೆ. ಲಂಟಾನ, ಬಳ್ಳಾರಿ ಜಾಲಿ, ಪಾರ್ಥೇನಿಯಂಗಳ ಸ್ವಭಾವ ಬೇರೆ. ಇವು ತಾವಾಗಿಯೇ ಹರಡಿ ಊರ ಗಿಡಗಳ ಜಾಗ ಕಬಳಿಸುತ್ತವೆ. ಪಾರ್ಥೇನಿಯಂ ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 1955ರಲ್ಲಿ, ಪುಣೆಯಲ್ಲಿ. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡಬೇಕಾಯಿತು. ಬೇಲಿಗೆಂದು ಬಳ್ಳಾರಿ ಜಾಲಿಯನ್ನೋ ಲಂಟಾನವನ್ನೋ ಹಾಕಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಗಾದೆ ನಿಜವಾಗುತ್ತದೆ.

ರೈತನಿಗೆ ಇದರಿಂದ ಏನು ಲಾಭ?

ಹೊಂಗೆಯನ್ನೇ ಮೊದಲು ನೋಡೋಣ. ಹೊಂಗೆ ಸೊಪ್ಪನ್ನು ಒಣಗಿಸಿ ತೂಗಿದರೆ ಅದರಲ್ಲಿ ಶೇಕಡ 3ಕ್ಕೂ ಹೆಚ್ಚು ಸಾರಜನಕವಿರುತ್ತದೆ. ಹಸಿ ಸೊಪ್ಪಿನ ಮುಕ್ಕಾಲು ಪಾಲು ನೀರೆಂದು ಹಿಡಿದರೂ ಒಂದು ಟನ್ ಹಸಿ ಸೊಪ್ಪಿನಿಂದ ಸುಮಾರು 8 ಕಿಲೋ ಸಾರಜನಕ ಗದ್ದೆಗೆ ಸೇರುತ್ತದೆ. 45 ಕಿಲೋ ಯೂರಿಯಾ ಚೀಲದಲ್ಲಿರುವುದು ಸುಮಾರು 21 ಕಿಲೋ. ಅಂದರೆ ಎರಡೂವರೆ ಟನ್ ಸೊಪ್ಪು ಒಂದು ಚೀಲ ಯೂರಿಯಾಕ್ಕೆ ಹತ್ತಿರ ಹತ್ತಿರ ಸಮ. ಇದರ ಮೇಲೆ ಮಣ್ಣಿಗೆ ಸಾವಯವ ಪದಾರ್ಥವೂ ಸೇರುತ್ತದೆ. ಯೂರಿಯಾದಲ್ಲಿ ಅದು ಇಲ್ಲ. ನಾಟಿಗೆ ಹತ್ತು ಹದಿನೈದು ದಿನ ಮುಂಚೆ ಸೊಪ್ಪನ್ನು ಕೆಸರಿಗೆ ತುಳಿಯುವುದು ಸೂಕ್ತ.

ಬೇವಿನ ಬೀಜ ಮನೆಯಲ್ಲಿದ್ದರೆ ಕೀಟನಾಶಕದ ಖರ್ಚು ತಗ್ಗುತ್ತದೆ. 5 ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಹಿಂಡಿ ಸೋಸಿ 100 ಲೀಟರ್ ಮಾಡಿದರೆ ಶೇಕಡ 5ರ ಕಷಾಯ ಸಿದ್ಧ. ಸ್ವಲ್ಪ ಸೋಪು ಬೆರೆಸಿ ಸಂಜೆಯ ಹೊತ್ತು ಸಿಂಪಡಿಸಬೇಕು.

ಮೂರನೆಯದು ಜೇನು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಬಂದು ಕರ್ನಾಟಕದ ತುಡುವೆ ಜೇನಿನ ಕುಟುಂಬಗಳು ಬಹುಪಾಲು ನಾಶವಾದವು. ಉಳಿದು ಮತ್ತೆ ವೃದ್ಧಿಯಾದ ಹುಳುಗಳಿಗೆ ವರ್ಷವಿಡೀ ಹೂ ಬೇಕು. ಬೇಸಗೆಯಲ್ಲಿ ಹೊಂಗೆ, ಬೇವು, ನೇರಳೆ. ಅವುಗಳ ಹಿಂದೆಯೇ ಹುಣಸೆ. ವರ್ಷದ ಬಹುಭಾಗ ತಂಗಡಿ ಹೀಗೆ ಊರ ಗಿಡಗಳು ಸರದಿಯಂತೆ ಹೂ ಬಿಡುತ್ತವೆ. ತೆಂಗು, ಎಳ್ಳು, ಸೂರ್ಯಕಾಂತಿ, ತರಕಾರಿ ಬೆಳೆಗಾರರಿಗೆ ಜೇನಿನ ಉಪಕಾರ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ.

ಬೆರಕೆ ಸೊಪ್ಪನ್ನೂ ಮರೆಯುವಂತಿಲ್ಲ. ಗಣಿಕೆ, ಹೊನಗೊನೆ, ಅಣ್ಣೆ, ಕನ್ನೆ ಮೊದಲಾದ ಸೊಪ್ಪುಗಳು ಬಿತ್ತದೆ ಬೆಳೆದು ಮುದ್ದೆಯ ಜೊತೆಗೆ ಸಾರಾಗುತ್ತಿದ್ದವು. ಕಳೆನಾಶಕ ಸಿಂಪಡಿಸಿದ ಹೊಲದ ಅಂಚಿನಲ್ಲಿ ಇವು ಸಿಗುವುದಿಲ್ಲ, ಸಿಕ್ಕರೂ ತಿನ್ನುವಂತಿಲ್ಲ.

ಸಂಘ ಕಟ್ಟುವ ಬಗೆ

ಇದಕ್ಕೆ ದೊಡ್ಡ ಬಂಡವಾಳ ಬೇಡ. ಊರಿನಲ್ಲಿ ಯುವಕ ಸಂಘವೋ ಸ್ತ್ರೀಶಕ್ತಿ ಸಂಘವೋ ಇದ್ದರೆ ಅದರ ಒಂದು ಅಂಗವಾಗಿಯೇ ಕೆಲಸ ಆರಂಭಿಸಬಹುದು. ಸದಸ್ಯರಲ್ಲಿ ಮೂರು ಬಗೆಯವರು ಇರಲೇಬೇಕು: ಗಿಡದ ಗುರುತು ಬಲ್ಲ ಹಿರಿಯರು, ಕುರಿ ದನ ಮೇಯಿಸಿ ಗುಡ್ಡವನ್ನು ಅಡ್ಡಾಡಿ ಬಲ್ಲವರು, ಬರೆದಿಡಬಲ್ಲ ಶಾಲೆಯ ಮಕ್ಕಳು. ಸೊಪ್ಪು ಮತ್ತು ಮದ್ದಿನ ಗಿಡಗಳ ತಿಳುವಳಿಕೆ ಹೆಂಗಸರಲ್ಲಿ ಹೆಚ್ಚು. ಆದ್ದರಿಂದ ಅವರಿಲ್ಲದ ಸಂಘ ಅರ್ಧ ಸಂಘ. ತಿಂಗಳಿಗೊಮ್ಮೆ ಸೇರುವುದು, ಒಂದು ದಪ್ಪ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಡುವುದು, ಸಸಿಮಡಿಗೆ ನೀರು ಹಾಕುವ ಸರದಿಯನ್ನು ಮನೆಮನೆಗೆ ಹಂಚುವುದು ಈ ಮೂರು ನಿಯಮಗಳು ಸಾಕು.

ಮೊದಲ ಕೆಲಸ: ತಾಯಿಮರಗಳ ಪಟ್ಟಿ

ಸಂಘದವರು ಮೊದಲು ಮಾಡಬೇಕಾದ್ದು ಊರ ಎಲ್ಲೆಯೊಳಗಿನ ತಾಯಿಮರಗಳನ್ನು ಗುರುತಿಸುವುದು. ಗಿಡ ನೆಡುವ ಕೆಲಸ ಆಮೇಲಿನದು. ಅಂಕೋಲ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಓದುಗರು ಕೇಳಿರಬೇಕು. ಹಾಲಕ್ಕಿ ಸಮುದಾಯದ ಈ ತಾಯಿ ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದುಡಿದು ಪದ್ಮಶ್ರೀ ಪಡೆದರು. 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವಾಗ ಆರಿಸಬೇಕು ಎಂಬ ತಿಳುವಳಿಕೆಗೆ ಅವರು ಹೆಸರಾಗಿದ್ದರು. ಮೊಳೆಯದ ಬೀಜದ ಮುಂದೆ ಗೊಬ್ಬರ, ನೀರು, ಶ್ರಮ ಎಲ್ಲವೂ ವ್ಯರ್ಥ.

ತಾಯಿಮರ ನಡುಹರೆಯದ್ದಾಗಿರಬೇಕು, ಕಾಂಡ ಗಟ್ಟಿಯಾಗಿ, ರೋಗವಿಲ್ಲದೆ, ಪ್ರತಿವರ್ಷ ಚೆನ್ನಾಗಿ ಕಾಯಿ ಬಿಡುವಂತಿರಬೇಕು. ಒಂದೇ ಮರದ ಬೀಜವನ್ನು ನೆಚ್ಚಬಾರದು. ಒಂದಕ್ಕೊಂದು ನೂರು ಮೀಟರಾದರೂ ದೂರವಿರುವ ಎಂಟು ಹತ್ತು ಮರಗಳಿಂದ ಬೀಜ ಆರಿಸಿ ಬೆರೆಸುವುದು ಉತ್ತಮ. ಒಂಟಿ ಮರದಲ್ಲಿ ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಹೆಚ್ಚಾದ್ದರಿಂದ ಅದರ ಸಸಿಗಳು ಸೊರಗುವ ಸಂಭವವುಂಟು. ಒಂದು ಊರಿನಲ್ಲಿ ಅಷ್ಟು ಮರಗಳಿಲ್ಲದಿದ್ದರೆ ಪಕ್ಕದ ಊರಿನ ಸಂಘದೊಡನೆ ಬೀಜ ಬದಲಾಯಿಸಿಕೊಳ್ಳಬೇಕು.

ಪುಸ್ತಕದಲ್ಲಿ ಪ್ರತಿ ಮರಕ್ಕೂ ಒಂದು ಪುಟವಿಟ್ಟು ಊರವರು ಕರೆಯುವ ಹೆಸರು, ಇರುವ ಜಾಗ, ಯಾರ ಜಮೀನು, ಹೂ ಬಿಟ್ಟ ತಿಂಗಳು, ಕಾಯಿ ಬಲಿತ ತಿಂಗಳು, ಹಿರಿಯರು ಹೇಳಿದ ಉಪಯೋಗ ಇವನ್ನು ಬರೆಯಬೇಕು. ಎರಡು ವರ್ಷ ಹೀಗೆ ಬರೆದರೆ ಯಾವ ಪುಸ್ತಕದಂಗಡಿಯಲ್ಲೂ ಸಿಗದ ಪಂಚಾಂಗವೊಂದು ನಿಮ್ಮ ಕೈಯಲ್ಲಿರುತ್ತದೆ.

ಬೀಜದ ಕಾಲ, ಬೀಜದ ಉಪಚಾರ

ರಾಗಿ, ಅವರೆ ಬೀಜಗಳಂತೆ ಎಲ್ಲ ಮರದ ಬೀಜಗಳನ್ನೂ ಮುಂದಿನ ಮಳೆಗಾಲದವರೆಗೆ ಕಾಪಿಡಲಾಗುವುದಿಲ್ಲ. ಅನೇಕರ ಸಸಿಮಡಿ ಕೆಡುವುದು ಇಲ್ಲಿಯೇ.

ಹೊಂಗೆ: ಬೇಸಗೆಯಲ್ಲಿ ಕಾಯಿ ಬಲಿತು ಕಂದು ಬಣ್ಣಕ್ಕೆ ತಿರುಗುತ್ತದೆ. ಸಿಪ್ಪೆ ಸುಲಿದು ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ ಬಿತ್ತಿದರೆ ಎರಡು ವಾರದಲ್ಲಿ ಮೊಳೆಯುತ್ತದೆ.

ಬೇವು: ಜೂನ್–ಜುಲೈನಲ್ಲಿ ಹಣ್ಣಾಗುತ್ತದೆ. ಹಳದಿ ತಿರುಗಿದ ಹಣ್ಣನ್ನು ಆರಿಸಿ, ತಿರುಳು ತೊಳೆದು, ನೆರಳಿನಲ್ಲಿ ಆರಿಸಿ ಎರಡು ಮೂರು ವಾರದೊಳಗೆ ಬಿತ್ತಬೇಕು. ತಡವಾದರೆ ಮೊಳಕೆಯ ಶಕ್ತಿ ಕುಂದುತ್ತದೆ.

ಹಿಪ್ಪೆ: ಮುಂಗಾರಿನ ಆರಂಭದಲ್ಲಿ ಹಣ್ಣು. ಎಣ್ಣೆ ಬೀಜವಾದ್ದರಿಂದ ಬೇಗ ಕಮಟುತ್ತದೆ. ಆರಿಸಿದ ವಾರದಲ್ಲೇ ಬಿತ್ತಬೇಕು. ಬಾವಲಿಗಳು ಹಣ್ಣು ತಿಂದು ಬೀಜ ಉದುರಿಸಿದ ಜಾಗವನ್ನು ಬೆಳಗ್ಗೆ ಹುಡುಕಿದರೆ ಸುಲಭವಾಗಿ ಸಿಗುತ್ತದೆ.

ನೇರಳೆ: ಜೂನ್–ಜುಲೈ. ಬೀಜದ ಜೀವ ಎರಡು ವಾರದಷ್ಟೇ. ಒಂದೇ ಬೀಜದಿಂದ ಎರಡು ಮೂರು ಮೊಳಕೆ ಬಂದರೆ ಗಟ್ಟಿಯಾದ ಒಂದನ್ನು ಉಳಿಸಬೇಕು.

ಕಕ್ಕೆ, ಬಾಗೆ, ತಂಗಡಿ: ಇವುಗಳ ಬೀಜ ಗಟ್ಟಿ ಸಿಪ್ಪೆಯವು, ಬಹುಕಾಲ ಇಡಬಹುದು. ನೀರನ್ನು ಕುದಿಸಿ ಒಲೆಯಿಂದ ಇಳಿಸಿ, ಬೀಜ ಹಾಕಿ, ಒಂದು ದಿನ ಹಾಗೆಯೇ ಬಿಟ್ಟು ಬಿತ್ತಬೇಕು. ಕಕ್ಕೆ ಬೀಜವನ್ನು ಒರಟು ಕಲ್ಲಿನ ಮೇಲೆ ಒಂದು ಬದಿ ಉಜ್ಜಿ ನೆನೆಸಿದರೆ ಮೊಳಕೆ ಇನ್ನೂ ಚೆನ್ನ.

ಕವಳೆ: ಹಣ್ಣಿನಿಂದ ತೆಗೆದ ಹೊಸ ಬೀಜವನ್ನೇ ಬಿತ್ತಬೇಕು.

ಲಕ್ಕಿ: ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿಗಳು ಮಳೆಗಾಲದಲ್ಲಿ ಬೇರು ಬಿಡುತ್ತವೆ.

ಆಲ, ಬಸರಿ, ಗೋಣಿ: ಮಣಿಕಟ್ಟಿನ ದಪ್ಪದ, ಆರೇಳು ಅಡಿ ಉದ್ದದ ಕೊಂಬೆಯನ್ನು ಎರಡು ಅಡಿ ಆಳಕ್ಕೆ ನೆಟ್ಟು, ಮೇಲಿನ ಕಡಿತಕ್ಕೆ ಸಗಣಿ ಮೆತ್ತಿದರೆ ಮಳೆಗಾಲದಲ್ಲಿ ಚಿಗುರುತ್ತವೆ.

ಮರದ ಕೆಳಗಿನ ಬೀಜವನ್ನೆಲ್ಲ ಬಳಿದುಕೊಂಡು ಬರಬಾರದು. ಹಕ್ಕಿಗೆ, ಬಾವಲಿಗೆ, ನೆಲಕ್ಕೆ ಅರ್ಧಕ್ಕಿಂತ ಹೆಚ್ಚು ಬಿಡಬೇಕು. ನಾವು ಕಾಲಿಡದ ಗುಡ್ಡದಲ್ಲಿ ಬೀಜ ಬಿತ್ತುವ ಕೆಲಸ ಅವುಗಳದೇ.

ಸಸಿಮಡಿ

ಹತ್ತು ಮನೆಯ ಸಂಘಕ್ಕೆ ಮೊದಲ ವರ್ಷ 300 ಸಸಿ ಸಾಕು. ಬಾವಿಯೋ ಕೊಳಾಯಿಯೋ ಹತ್ತಿರವಿರುವ, ಅರೆನೆರಳಿನ ಜಾಗ ಆರಿಸಬೇಕು. 6 ಅಂಗುಲ ಅಗಲ, 9 ಅಂಗುಲ ಉದ್ದದ ಚೀಲಕ್ಕೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರದ ಮಿಶ್ರಣ ತುಂಬಬೇಕು. ಬೇಸಗೆಯಲ್ಲಿ ಕೆರೆಗೋಡು ಸಿಕ್ಕರೆ ಕೆಮ್ಮಣ್ಣಿನ ಅರ್ಧಭಾಗಕ್ಕೆ ಬದಲಾಗಿ ಬಳಸಬಹುದು. ಬೀಜವನ್ನು ಅದರ ದಪ್ಪದ ಒಂದೂವರೆಯಷ್ಟು ಆಳಕ್ಕಿಂತ ಹೆಚ್ಚು ಹೂಳಬಾರದು. ಎರಡು ತಿಂಗಳಿಗೊಮ್ಮೆ ಚೀಲಗಳನ್ನು ಎತ್ತಿ ಜಾಗ ಬದಲಿಸದಿದ್ದರೆ ಬೇರು ನೆಲಕ್ಕಿಳಿಯುತ್ತದೆ. ಕೀಳುವಾಗ ಸಸಿ ಸಾಯುತ್ತದೆ. ನೆಡುವುದಕ್ಕೆ ಒಂದು ತಿಂಗಳು ಮುಂಚಿನಿಂದ ನೀರನ್ನು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಬೇಕು. ಗೋಮಾಳ, ತೋಪುಗಳಲ್ಲಿ ನೆಡಲು ಒಂದು ವರ್ಷ ತುಂಬಿದ, ಮೂರಡಿ ಎತ್ತರದ ಸಸಿಯೇ ಬೇಕು. ಸಣ್ಣ ಸಸಿ ಮೇಕೆಯ ಪಾಲಾಗುತ್ತದೆ.

ಸಸಿಮಡಿಯ ಪಕ್ಕದಲ್ಲೇ ಒಂದು ಪಾತಿ ಬೆರಕೆ ಸೊಪ್ಪಿಗೆ, ಒಂದು ಪಾತಿ ತುಂಬೆ, ಆಡುಸೋಗೆ, ಅಮೃತಬಳ್ಳಿಗಳಂಥ ಮದ್ದಿನ ಗಿಡಗಳಿಗೆ ಇಟ್ಟರೆ ಮಕ್ಕಳಿಗೆ ಗುರುತು ಹಿಡಿಯುವುದನ್ನು ಕಲಿಸಬಹುದು. ಹಿರಿಯರು ತೋರಿಸಿದ ಹೊರತು ಯಾವ ಸೊಪ್ಪನ್ನೂ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಬೇಕು.

ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು

ಬದುವಿನ ಮೇಲೆ 15ರಿಂದ 20 ಅಡಿಗೊಂದು ಹೊಂಗೆ ನೆಡಬಹುದು. ನಾಲ್ಕೈದು ವರ್ಷದ ನಂತರ ಪ್ರತಿವರ್ಷ ಸೊಪ್ಪು ಸವರುತ್ತಿದ್ದರೆ ಬೆಳೆಗೆ ನೆರಳಿನ ಬಾಧೆ ಹೆಚ್ಚಾಗದು. ಪಕ್ಕದ ಜಮೀನಿನವರ ಒಪ್ಪಿಗೆ ಪಡೆದೇ ನೆಡುವುದು ಒಳ್ಳೆಯದು. ಬೇಲಿಗೆ ಕವಳೆ ಮತ್ತು ಲಕ್ಕಿಯನ್ನು ಎರಡು ಸಾಲಿನಲ್ಲಿ, ಎರಡು ಅಡಿ ಅಂತರದಲ್ಲಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ ಹಾಕಬೇಕು. ಲಕ್ಕಿಯನ್ನು ದನ ಮುಟ್ಟುವುದಿಲ್ಲ. ಕವಳೆಗೆ ಮುಳ್ಳಿದೆ, ಉಪ್ಪಿನಕಾಯಿಗೆ ಕಾಯಿಯೂ ಸಿಗುತ್ತದೆ. ಹಿಪ್ಪೆ, ನೇರಳೆ, ಬಿಲ್ವ, ಮಾವುಗಳಿಗೆ ಗುಂಡುತೋಪೇ ತಕ್ಕ ಜಾಗ. ಗುಡ್ಡದ ಇಳಿಜಾರಿಗೆ ತಂಗಡಿ, ಬಂದರಿಕೆ, ಮುತ್ತುಗ, ಕಕ್ಕೆ ಚೆನ್ನ. ಅಲ್ಲಿ ಹೊಸದಾಗಿ ನೆಡುವುದಕ್ಕಿಂತ ಬೆಂಕಿ ಬೀಳದಂತೆ ಕಾಯುವುದೇ ದೊಡ್ಡ ಕೆಲಸ. ಕಡಿದ ಬುಡಗಳಿಂದ ಗಿಡ ತಾನೇ ಚಿಗುರುತ್ತದೆ.

ಕೆರೆ ಏರಿಯ ಮೇಲೆ ಮರ ನೆಡಬಾರದು. ಮರ ಸತ್ತ ಮೇಲೆ ಬೇರು ಕೊಳೆತು ಪೊಳ್ಳಾದ ದಾರಿಯಲ್ಲಿ ನೀರು ಜಿನುಗಿ ಮಣ್ಣಿನ ಏರಿ ಸಡಿಲವಾಗುತ್ತದೆ. ಏರಿಗೆ ಗರಿಕೆ ಹುಲ್ಲೇ ಸರಿ. ಹಾಗೆಯೇ ದೇವಸ್ಥಾನದ ಗೋಡೆ, ಪೌಳಿ, ಮೆಟ್ಟಿಲಬಾವಿಗಳ ಹತ್ತಿರ ಆಲ, ಅರಳಿ ನೆಡಬಾರದು. ತೊಣ್ಣೂರು, ಮೇಲುಕೋಟೆಗಳಂಥ ಹಳೆಯ ಕಟ್ಟಡಗಳಿರುವ ಊರುಗಳಲ್ಲಿ ಈ ಎಚ್ಚರ ಅಗತ್ಯ. ಗುಂಡುತೋಪಿನಲ್ಲಿ ಕೆಲಸ ಆರಂಭಿಸುವ ಮುನ್ನ ಗ್ರಾಮ ಪಂಚಾಯಿತಿಯ ಒಪ್ಪಿಗೆ ಪಡೆದು, ಗ್ರಾಮ ಆಡಳಿತಾಧಿಕಾರಿಯವರ ಮೂಲಕ ಎಲ್ಲೆ ಗುರುತು ಮಾಡಿಸಿಕೊಳ್ಳಬೇಕು.

ನೆಡುವ ಕಾಲ ಮತ್ತು ಪೋಷಣೆ

ಮಂಡ್ಯ ಜಿಲ್ಲೆಯ ಮಳೆಯ ರೀತಿಯನ್ನು ನೋಡಿ ನೆಡಬೇಕು. ಇಲ್ಲಿ ಮೇ ತಿಂಗಳಲ್ಲಿ ಒಂದಿಷ್ಟು ಮಳೆ ಬಿದ್ದು, ಜೂನ್–ಜುಲೈನಲ್ಲಿ ಗಾಳಿ ಹೆಚ್ಚಿ ಮಳೆ ಕಡಿಮೆಯಾಗಿ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮತ್ತೆ ಚೆನ್ನಾಗಿ ಸುರಿಯುತ್ತದೆ. ಜೂನ್ ಆರಂಭದಲ್ಲಿ ಪರಿಸರ ದಿನದಂದು ನೆಟ್ಟು ಕೈತೊಳೆದುಕೊಂಡ ಸಸಿಗಳು ಜುಲೈನ ಒಣಗಾಳಿಗೆ ಸಾಯುವುದು ಹೆಚ್ಚು. ನೀರು ಕೊಡುವ ಅನುಕೂಲವಿಲ್ಲದ ಕಡೆ ಮಖೆ, ಹುಬ್ಬೆ ಮಳೆಗಳಲ್ಲಿ ನೆಟ್ಟರೆ ಹಸ್ತ, ಚಿತ್ತೆ ಮಳೆಗಳು ಕೈಹಿಡಿಯುತ್ತವೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿಯನ್ನು ಬೇಸಗೆಯಲ್ಲೇ ತೆಗೆದು ಬಿಸಿಲು ಕಾಣಿಸಿರಬೇಕು.

ನೆಟ್ಟ ಮೇಲೆ ಎರಡು ಬೇಸಗೆ ದಾಟಿಸುವುದೇ ನಿಜವಾದ ಪರೀಕ್ಷೆ. ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಚಿಕ್ಕಯ್ಯ ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಮರಗಳನ್ನು ಬೆಳೆಸಿದ್ದು ಎಲ್ಲರಿಗೂ ತಿಳಿದಿದೆ. ಅವರು ಒಂದೇ ದಿನ ನೂರಾರು ಗಿಡ ನೆಡಲಿಲ್ಲ. ಮೊದಲ ವರ್ಷ ಹತ್ತು, ಮರುವರ್ಷ ಹದಿನೈದು, ಹೀಗೆ ತಾವು ನೀರು ಹೊರಬಲ್ಲಷ್ಟೇ ನೆಟ್ಟರು; ಬಿಂದಿಗೆಯಲ್ಲಿ ನೀರು ಹೊತ್ತರು; ದನ ತಿನ್ನದಂತೆ ಮುಳ್ಳು ಕಟ್ಟಿದರು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು. ಅವರ ಮರಗಳು ಆ ರಸ್ತೆಗೆ ನೆರಳಾಗಿವೆ. ಮಂಡ್ಯ ಜಿಲ್ಲೆಯವರೇ ಆದ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಲೇ ಕುಂದಿನಿಬೆಟ್ಟದಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತೋಡಿಸಿದರು. 2022ರಲ್ಲಿ ಅವರು ಕಾಲವಾದರು. ಗುಡ್ಡದಲ್ಲಿ ನೀರು ನಿಂತರೆ ಅದರ ಸುತ್ತ ಹಸಿರು ತಾನಾಗಿಯೇ ಬರುತ್ತದೆ. ಸಂಘದವರೂ ಸಸಿಯ ಮೇಲ್ಭಾಗದಲ್ಲಿ ಅರ್ಧಚಂದ್ರಾಕಾರದ ಸಣ್ಣ ಬದು ಹಾಕಿ, ಬುಡಕ್ಕೆ ತರಗು ಮುಚ್ಚಿ, ತಮ್ಮ ಕೈಲಾದಷ್ಟೇ ಗಿಡ ನೆಟ್ಟು ಸಾಕಬೇಕು.

ದಾಖಲೆ ಮತ್ತು ನೆರವು

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಊರಿನ ಗಿಡಮರ, ತಳಿ, ತಿಳುವಳಿಕೆಗಳ ದಾಖಲಾತಿಯನ್ನು ಇಡಬೇಕು. ನಿಮ್ಮ ತಾಯಿಮರಗಳ ಪುಸ್ತಕದ ಒಂದು ಪ್ರತಿಯನ್ನು ಈ ಸಮಿತಿಗೆ ಕೊಟ್ಟು ದಾಖಲಾತಿಗೆ ಸೇರಿಸಲು ಕೇಳಿರಿ. ರಸ್ತೆ ಅಗಲಗೊಳಿಸುವಾಗಲೋ ತೋಪಿನ ಒತ್ತುವರಿಯಾದಾಗಲೋ ಊರವರ ಕೈಯಲ್ಲಿ ಒಂದು ಆಧಾರವಿರುತ್ತದೆ. ರೈತರ ಜಮೀನಿನಲ್ಲಿ ನೆಟ್ಟು ಬದುಕುಳಿದ ಸಸಿಗಳಿಗೆ ಪ್ರೋತ್ಸಾಹಧನ ಕೊಡುವ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯನ್ನು ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿತು. ಅದರ ವಿವರವನ್ನು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಬೇಕು. ಬೀಜೋಪಚಾರ, ಹಸಿರೆಲೆ ಗೊಬ್ಬರ, ಜೇನು ಸಾಕಣೆಗಳ ಬಗ್ಗೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದ ಸಲಹೆ ಪಡೆಯಬಹುದು.

ರೈತ ಬಾಂಧವರು ಬರುವ ಬೇಸಗೆಯಲ್ಲಿ ಒಂದು ಭಾನುವಾರ ಊರಿನ ಇಬ್ಬರು ಹಿರಿಯರನ್ನು, ನಾಲ್ಕು ಮಕ್ಕಳನ್ನು ಜೊತೆ ಮಾಡಿಕೊಂಡು ಊರ ಎಲ್ಲೆಯನ್ನು ಒಮ್ಮೆ ಸುತ್ತಿ ಬರಬೇಕು. ಹಿಪ್ಪೆ ಎಷ್ಟಿವೆ, ಅತ್ತಿ ಎಷ್ಟಿವೆ ಎಂದು ಎಣಿಸಿ ಬರೆಯಬೇಕು. ಯಾವುದಾದರೂ ಒಂದು ಜಾತಿಯ ಮರ ಊರಿಗೆ ಒಂದೇ ಉಳಿದಿದ್ದರೆ ಸಂಘದ ಮೊದಲ ಹತ್ತು ಸಸಿಗಳು ಅದೇ ಜಾತಿಯವಾಗಿರಲಿ. ಅದಕ್ಕೆ ಬೇಕಾದ ಬೀಜವನ್ನು ಪಕ್ಕದ ಊರುಗಳಿಂದಲೂ ಈ ವರ್ಷವೇ ಕೂಡಿಸಿಕೊಳ್ಳುವುದು ಒಳ್ಳೆಯದು.